ಇನ್ನೊಂದೇ ಒಂದು ಸರದಿ

ನಮ್ಮ ತುಳುನಾಡಿನಲ್ಲಿ ಸೋದರಮಾವನ ಮಾತಿಗೆ ತೂಕ ಹೆಚ್ಚು. ಅಳಿಯಸಂತಾನದ ಕಟ್ಟು ಸಡಿಲಿ ಎಷ್ಟೋ ದಶಕಗಳು ಸಂದಿವೆ. ಆಸ್ತಿಯು ಈಗ ಮಾವನಿಂದ ಅಳಿಯನಿಗೆ ಇಳಿಯುವುದಿಲ್ಲ. ಆದರೆ ಅಳಿಯನನ್ನು ಗದರಿಸುವ ಹಕ್ಕು ಮಾತ್ರ ಇನ್ನೂ ಮಾವನಲ್ಲಿಯೇ ಉಳಿದುಕೊಂಡಿದೆ. ಕಳೆದ ಆಟಿ ತಿಂಗಳಿನಲ್ಲಿ ನನ್ನ ತಂಗಿ ವೇಣೂರಿನಿಂದ ದೂರವಾಣಿಯಲ್ಲಿ ಮಾತನಾಡಿ ಈ ಹಕ್ಕನ್ನು ನನಗೆ ನೆನಪಿಸಿದಳು. ಅವಳ ಮಗ ಪದವಿ ತರಗತಿಯ ಓದಿಗೆಂದು ಜೂನ್ ತಿಂಗಳಿನಿಂದ ಬಂಟ್ವಾಳದ ನಮ್ಮ ಮನೆಯಲ್ಲಿದ್ದಾನೆ. “ಅಣ್ಣಾ, ಅವನು ರಾತ್ರಿಯಿಡೀ ಕೂತು ರಾಜ್ಯ ಕಟ್ಟುತ್ತಾನಂತೆ. ಪರೀಕ್ಷೆಯಲ್ಲಿ ಅಂಕ ಇಳಿದುಹೋಗಿದೆ. ನಾನು ಹೇಳಿದರೆ ಕೇಳುವವನಲ್ಲ, ನೀನೇ ಹೇಳು” ಎಂದಳು.

ದೂರು ಸುಳ್ಳಲ್ಲವೆಂಬುದು ನನಗೂ ಗೊತ್ತಿತ್ತು. ನಾನು ಮೂಡುಬಿದಿರೆಯ ಕಾಲೇಜೊಂದರಲ್ಲಿ ಕನ್ನಡ ಕಲಿಸುವವನು. ಅಳಿಯನೂ ಅಲ್ಲಿಯೇ ಓದುತ್ತಿರುವವನು. ಸಿದ್ದಕಟ್ಟೆಯ ದಾರಿಯಾಗಿ ಹೋಗುವ ಒಂದೇ ಬಸ್ಸಿನಲ್ಲಿ ದಿನವೂ ನಮ್ಮಿಬ್ಬರ ಪ್ರಯಾಣ. ಬಂಟ್ವಾಳದ ಪೇಟೆ ದಾಟುವುದರೊಳಗೆ ಅವನ ತಲೆ ಕಿಟಕಿಯ ಸರಳಿಗೆ ವಾಲುವುದನ್ನೂ, ಮೂಡುಬಿದಿರೆಯಲ್ಲಿ ಕಂಡಕ್ಟರು ಹೆಗಲು ತಟ್ಟಿ ಎಬ್ಬಿಸುವುದನ್ನೂ ನಾನು ಕಂಡಿದ್ದೆ. ಆದುದರಿಂದ, ಮಳೆಯ ಕಾರಣದಿಂದ ರಜೆ ಸಾರಿದ ಒಂದು ದಿನ, ಗದರಿಸಬೇಕೆಂಬ ನಿಶ್ಚಯದಿಂದಲೇ ಅವನ ಕೋಣೆಯನ್ನು ಹೊಕ್ಕೆ.

ಹುಡುಗ ವಾದಕ್ಕೆ ನಿಲ್ಲಲಿಲ್ಲ. “ಮಾವ, ಪದ್ಯವನ್ನು ಓದದೆ ಅದರ ಗುಣದೋಷ ಹೇಳಬಾರದೆಂದು ನೀವೇ ತರಗತಿಯಲ್ಲಿ ಹೇಳುತ್ತೀರಂತೆ. ಇದನ್ನೂ ಒಮ್ಮೆ ಆಡಿ ನೋಡಿ; ಆಮೇಲೆ ಬೈಯಿರಿ” ಎಂದ. ಅಧ್ಯಾಪಕನಾದವನನ್ನು ಅವನ ಮಾತಿನಿಂದಲೇ ಕಟ್ಟಿಹಾಕುವುದು ಬಹಳ ಸುಲಭ. ನಾನು ಅವನ ಪಕ್ಕದಲ್ಲಿ ಕುಳಿತೆ.

ಆಟದ ಹೆಸರು ‘ಸಿವಿಲೈಸೇಶನ್’. ಅಮೆರಿಕದಲ್ಲಿ ಸಿಡ್ ಮೈಯರ್ ಎಂಬವರ ಹೆಸರಿನಲ್ಲಿ 1991ರಲ್ಲಿ ಮೊದಲು ಹೊರಬಂದ ಈ ಆಟದ ಆರನೆಯ ಅವತಾರ, 2016ರದು, ಅಳಿಯನ ಲ್ಯಾಪ್‌ಟಾಪಿನಲ್ಲಿತ್ತು. 2025ರಲ್ಲಿ ಏಳನೆಯದೂ ಬಂದಿದೆ. ಗುಂಡು ಹಾರಿಸುವ, ಕಾರು ಓಡಿಸುವ ಆಟಗಳಂತೆ ಇದು ಕೈಚಳಕವನ್ನು ಬೇಡುವುದಿಲ್ಲ. ಚದುರಂಗದ ಹಾಗೆ ಇದು ಸರದಿಯ ಆಟ. ನೀವು ಯೋಚಿಸಿ ನಡೆಯಿಸುವವರೆಗೆ ಲೋಕವೆಲ್ಲ ಕಾದು ನಿಂತಿರುತ್ತದೆ. ಕ್ರಿ.ಪೂ. 4000ದಲ್ಲಿ ಆಟದ ಆರಂಭ. ಊರು ಕಟ್ಟಬಲ್ಲ ಒಂದು ವಲಸೆಯ ಗುಂಪು ಮತ್ತು ಒಬ್ಬ ಯೋಧ, ಇಷ್ಟೇ ನಿಮ್ಮ ಬಂಡವಾಳ. ಭೂಪಟವೆಲ್ಲ ಷಟ್ಕೋನದ ಮನೆಗಳು. ಸುತ್ತಲಿನ ಕೆಲವನ್ನು ಬಿಟ್ಟರೆ ಉಳಿದುವೆಲ್ಲ ಮುಸುಕಿನೊಳಗೆ. ಸಾಮಾನ್ಯ ವೇಗದಲ್ಲಿ 500 ಸರದಿಗಳು ಮುಗಿಯುವಾಗ ಕ್ರಿ.ಶ. 2050 ಆಗಿರುತ್ತದೆ. ಅಷ್ಟರೊಳಗೆ ವಿಜ್ಞಾನ, ಸಂಸ್ಕೃತಿ, ಧರ್ಮ, ರಾಜತಂತ್ರ, ದಂಡಯಾತ್ರೆ ಇವುಗಳಲ್ಲಿ ಯಾವುದಾದರೊಂದು ದಾರಿಯಿಂದ ಉಳಿದ ರಾಜ್ಯಗಳನ್ನು ಮೀರಬೇಕು. ಯಾರೂ ಮೀರದಿದ್ದರೆ ಕೊನೆಗೆ ಅಂಕಗಳ ಲೆಕ್ಕ.

ಸಾಹಿತ್ಯದ ಅಧ್ಯಾಪಕನಿಗೆ ತಕ್ಕಂತೆ ನಾನು ಸಂಸ್ಕೃತಿಯ ದಾರಿಯನ್ನು ಹಿಡಿದೆ. ಈ ದಾರಿಯಲ್ಲಿ ಮಹಾಲೇಖಕರನ್ನು ಗಳಿಸಿಕೊಂಡು ಅವರ ಕೃತಿಗಳನ್ನು ಊರಿನಲ್ಲಿ ಇರಿಸಿಕೊಳ್ಳಬಹುದೆಂದು ತಿಳಿದಾಗ ನನಗಾದ ಹಿಗ್ಗು ಅಷ್ಟಿಷ್ಟಲ್ಲ. ಆ ಪಟ್ಟಿಯಲ್ಲಿ ಹೋಮರನಿದ್ದಾನೆ. ಪಂಪನನ್ನು ನಾನು ಕಾಣಲಿಲ್ಲ. ಇರಲಿ. ಇದ್ದ ಒಂದೇ ಊರಿನಲ್ಲಿ, ಜಗತ್ತಿನಲ್ಲಿ ಒಬ್ಬರೇ ಕಟ್ಟಬಹುದಾದ ಅದ್ಭುತ ಕಟ್ಟಡವೊಂದಕ್ಕೆ ಅಸ್ತಿವಾರ ಹಾಕಿದೆ. ಅಷ್ಟರಲ್ಲಿ ಬರ್ಬರರ ಬೇಹುಗಾರನೊಬ್ಬ ಊರ ಬಾಗಿಲವರೆಗೆ ಬಂದು ನೋಡಿ ಹಿಂದಿರುಗಿದ. “ಮಾವ, ಅವನನ್ನು ಹೋಗಗೊಡಬೇಡಿ” ಎಂದು ಅಳಿಯ ಎಚ್ಚರಿಸಿದರೂ ನಾನು ಕಿವಿಗೊಡಲಿಲ್ಲ. ಬೇಹುಗಾರನು ತನ್ನ ಪಾಳೆಯವನ್ನು ಸೇರಿದನೆಂದರೆ ದಾಳಿ ನಿಶ್ಚಿತವೆಂಬುದು ಆಟದ ನಿಯಮ. ದಾಳಿ ಬಂತು. ಅದ್ಭುತ ಕಟ್ಟಡವನ್ನು ಬೇರೊಂದು ರಾಜ್ಯದವರು ನನಗಿಂತ ಮೊದಲೇ ಮುಗಿಸಿದರು. ನನ್ನ ಅರೆಗಟ್ಟಡವನ್ನು ಕೈಬಿಡಬೇಕಾಯಿತು. ಕಡೆಗೆ ನೆರೆಯ ಅರಸನು ಬಂದು ಊರನ್ನೇ ತೆಗೆದುಕೊಂಡ. ನನ್ನ ನಾಗರಿಕತೆಯ ಆಯುಸ್ಸು ಒಂದು ಸಂಜೆಯ ಕಾಫಿಯಿಂದ ರಾತ್ರಿಯ ಊಟದವರೆಗೆ.

ವ್ಯಾಕರಣವನ್ನು ಕಲಿಯದೆ ಕಾವ್ಯಕ್ಕೆ ಕೈಯಿಕ್ಕಿದವನ ಗತಿಯಿದು. ಮರುದಿನದಿಂದ ಅಳಿಯನು ಗುರುವಾದ, ನಾನು ಶಿಷ್ಯನಾದೆ. ದಿನಕ್ಕೊಂದು ಸೂತ್ರದಂತೆ ಪಾಠ ನಡೆಯಿತು. ಊರಿನ ಒಬ್ಬೊಬ್ಬ ಪ್ರಜೆಯೂ ಸರದಿಯೊಂದಕ್ಕೆ ಎರಡು ಪಾಲು ಅನ್ನವನ್ನು ಉಣ್ಣುತ್ತಾನೆ. ಒಬ್ಬೊಬ್ಬನು ಒಂದೊಂದು ಮನೆಯಲ್ಲಿ ದುಡಿಯುತ್ತಾನೆ. ಉಂಡು ಮಿಕ್ಕ ಅನ್ನವು ಕೂಡುತ್ತ ಹೋದಂತೆ ಜನ ಹೆಚ್ಚುತ್ತಾರೆ. ಆದರೆ ವಾಸಕ್ಕೆ ಎಡೆಯಿಲ್ಲದಿದ್ದರೆ ಅನ್ನವಿದ್ದರೂ ಜನ ಬೇಗ ಹೆಚ್ಚುವುದಿಲ್ಲ. ಆ ಎಡೆಯೋ ಊರಿಗೆ ಸಿಹಿನೀರು ಎಷ್ಟು ಹತ್ತಿರವಿದೆ ಎಂಬುದನ್ನು ಆಶ್ರಯಿಸಿದೆ. ಹೊಸ ಊರು ಕಟ್ಟಲು ವಲಸೆಗಾರರನ್ನು ಕಳುಹಿಸಿದರೆ ತಾಯೂರಿನಲ್ಲಿ ಒಂದು ತಲೆ ಕಡಿಮೆಯಾಗುತ್ತದೆ. ಮೊದಲ ಸರದಿಯಲ್ಲಿ ಊರನ್ನು ಎಲ್ಲಿ ಊರಿದೆವೆಂಬುದು ನೂರನೆಯ ಸರದಿಯ ಭಾಗ್ಯವನ್ನು ನಿರ್ಣಯಿಸುತ್ತದೆ. ನನಗೆ ಬಹಳ ಮೆಚ್ಚಿಕೆಯಾದ ಸೂತ್ರ ಇನ್ನೊಂದು: ಅನ್ಯ ಜನಾಂಗವೊಂದನ್ನು ಸಂಧಿಸಿದ ಕೂಡಲೇ ಬರವಣಿಗೆಯ ವಿದ್ಯೆ ಬೇಗನೆ ಕೈಗೂಡುತ್ತದೆ. ಪರರನ್ನು ಕಂಡಾಗಲೇ ಬರೆಯಬೇಕೆನಿಸುತ್ತದೆ ಎಂಬ ಮಾತನ್ನು ಒಂದು ಲೆಕ್ಕದ ನಿಯಮವು ಇಷ್ಟು ಚೊಕ್ಕವಾಗಿ ಹೇಳಬಲ್ಲುದೆಂದು ನಾನು ಭಾವಿಸಿರಲಿಲ್ಲ.

ಇಲ್ಲಿಂದ ಮುಂದೆ ನನ್ನ ನಿಶ್ಚಯ ಸಡಿಲತೊಡಗಿತು. 2019ರಲ್ಲಿ ಈ ಆಟಕ್ಕೆ ಸೇರಿಸಿದ ಭಾಗವೊಂದರಲ್ಲಿ ಹೊಳೆಗಳು ಉಕ್ಕುತ್ತವೆ. ನೆರೆಯು ಕಟ್ಟಿದ್ದನ್ನು ಕೆಡಹುತ್ತದೆ, ಒಮ್ಮೊಮ್ಮೆ ಇಳಿದುಹೋಗುವಾಗ ನೆಲವನ್ನು ಫಲವತ್ತಾಗಿಸಿಯೂ ಹೋಗುತ್ತದೆ. ಬಂಟ್ವಾಳದಲ್ಲಿ ಬೆಳೆದವನಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ನೇತ್ರಾವತಿಯ ದಂಡೆಯಲ್ಲಿ, ಮಂಗಳೂರಿಗೆ ದೋಣಿ ಹೋಗುವ ಅನುಕೂಲವನ್ನು ನೆಚ್ಚಿ ಬೆಳೆದ ಪೇಟೆ ನಮ್ಮದು. 1923ರ ನೆರೆಯನ್ನು ಅಜ್ಜಂದಿರ ಬಾಯಿಂದ ಕೇಳಿದ್ದೇವೆ. 1974ರ ನೆರೆಯನ್ನು ನನ್ನ ತಾಯಿ ಕಣ್ಣಾರೆ ಕಂಡಿದ್ದಾರೆ. ಪೇಟೆ ಇಲ್ಲಿಯೇ ಏಕೆ ಬೆಳೆಯಿತು, ಇಲ್ಲಿಯೇ ಏಕೆ ಮುಳುಗಿತು ಎಂಬೆರಡು ಪ್ರಶ್ನೆಗಳಿಗೂ ಉತ್ತರ ಒಂದೇ ಎಂಬುದು, ಅಷ್ಟು ವರ್ಷ ಅಲ್ಲಿಯೇ ಬದುಕಿಯೂ, ನನಗೆ ಹೊಳೆದದ್ದು ಅಳಿಯನ ಲ್ಯಾಪ್‌ಟಾಪಿನ ಎದುರಿನಲ್ಲಿ.

ಆದರೆ ವ್ಯಾಕರಣವನ್ನು ಕಲಿತವನಿಗೆ ಭಾಷೆಯ ಪಕ್ಷಪಾತವೂ ಕಾಣತೊಡಗುತ್ತದೆ. ಆಟದಲ್ಲಿ ದೊಡ್ಡ ರಾಜ್ಯಗಳಲ್ಲದೆ ಒಂದೊಂದೇ ಊರಿನ ಪುಟ್ಟ ನಗರರಾಜ್ಯಗಳೂ ಇರುತ್ತವೆ. ದೊಡ್ಡವರು ಅವುಗಳಿಗೆ ದೂತರನ್ನು ಕಳುಹಿಸುತ್ತಾರೆ. ಯಾರ ದೂತರು ಹೆಚ್ಚೋ ಅವರು ಅದರ ಅಧಿರಾಜರು. ಪುಟ್ಟ ರಾಜ್ಯವು ಕೊಡಬಹುದು, ಸೇರಬಹುದು, ಸೋಲಬಹುದು. ಗೆಲ್ಲುವುದಕ್ಕೆ ಮಾತ್ರ ಅದಕ್ಕೆ ನಿಯಮವಿಲ್ಲ. ನಾನು ಬೆಳಗಿನ ಬಸ್ಸಿನಲ್ಲಿ ದಿನವೂ ಹಾದುಹೋಗುವ ನೆಲವೆಲ್ಲ ಇಂಥ ಪುಟ್ಟ ರಾಜ್ಯಗಳದೇ ಅಲ್ಲವೆ? ವಿಟ್ಲದಲ್ಲಿ ಡೊಂಬ ಹೆಗ್ಗಡೆಗಳು, ಬಂಗಾಡಿ ನಂದಾವರಗಳಲ್ಲಿ ಬಂಗರು, ವೇಣೂರಿನಲ್ಲಿ ಅಜಿಲರು, ಮೂಡುಬಿದಿರೆಯಲ್ಲಿ ಚೌಟರು. ಮೇಲೆ ವಿಜಯನಗರವಿತ್ತು, ಅನಂತರ ಕೆಳದಿಯಿತ್ತು. ಕಪ್ಪ ಕೊಡಬೇಕಾದಾಗ ಕೊಟ್ಟರು, ಕಾದಬೇಕಾದಾಗ ಕಾದಿದರು. ಆಟದ ಲೆಕ್ಕದಲ್ಲಿ ಇವರೆಲ್ಲರ ಅಂಕ ಸೊನ್ನೆ. ಆದರೆ 1430ರ ಸಾವಿರ ಕಂಬದ ಬಸದಿ ಎದ್ದದ್ದು ಮೂಡುಬಿದಿರೆಯಲ್ಲಿ. ಬೇರೆಲ್ಲಿಯೂ ಉಳಿಯದಿದ್ದ ಷಟ್ಖಂಡಾಗಮದ ಧವಲಾ ತಾಳೆಗರಿಗಳು ಶತಮಾನಗಳ ಕಾಲ ಉಳಿದುಬಂದದ್ದೂ ಮೂಡುಬಿದಿರೆಯಲ್ಲಿ. ಭರತ ಚಕ್ರವರ್ತಿಯನ್ನು ನಾಯಕನನ್ನಾಗಿಸಿ ಸಾಂಗತ್ಯದಲ್ಲಿ ‘ಭರತೇಶ ವೈಭವ’ವನ್ನು ಬರೆದ ರತ್ನಾಕರವರ್ಣಿಯೂ ಇಂಥ ಪುಟ್ಟ ಊರಿನವನೇ. ಗೆಲ್ಲದವರು ಏನನ್ನು ಉಳಿಸಿದರು ಎಂಬುದನ್ನು ಎಣಿಸಲು ಆ ಆಟದಲ್ಲಿ ಅಂಕಣವಿಲ್ಲ.

ಇನ್ನೊಂದು ಕೊರತೆಯನ್ನು ಹೇಳಿದಾಗ ಅಳಿಯನೇ ನಕ್ಕ. ಆ ಆಟದಲ್ಲಿ ಅರಸನಿಗೆ ಸಾವಿಲ್ಲ. ಕ್ರಿ.ಪೂ. 4000ದಲ್ಲಿ ಪಟ್ಟವೇರಿದವನೇ 2050ರಲ್ಲಿಯೂ ಪಟ್ಟದಲ್ಲಿರುತ್ತಾನೆ. ಮಾವನಿಂದ ಅಳಿಯನಿಗೆ ಪಟ್ಟ ಕಟ್ಟುವ ಪ್ರಮೇಯವೇ ಇಲ್ಲ. “ಹಾಗಾದರೆ ನಿಮಗೆ ಅಲ್ಲಿ ಕೆಲಸವಿಲ್ಲ, ಮಾವ” ಎಂದ.

ಇಷ್ಟರವರೆಗೆ ನಾನು ವಿಮರ್ಶಕನಾಗಿದ್ದೆನೆಂದು ಓದುಗರು ತಿಳಿದಾರು. ನಿಜವನ್ನು ಹೇಳಿಬಿಡಬೇಕು. ಸೂತ್ರಗಳನ್ನು ಕಲಿತ ಎರಡು ವಾರಗಳಲ್ಲಿ ಅಳಿಯನು ಮಲಗಿದ ಮೇಲೂ ನಾನು ಎದ್ದಿರತೊಡಗಿದೆ. ಕಣಜ ಕಟ್ಟಿ ಮುಗಿಯಲು ಇನ್ನೊಂದು ಸರದಿ. ಅದು ಮುಗಿಯುವಾಗ ಹಡಗು ದಡ ಸೇರಲು ಎರಡು ಸರದಿ. ಅದು ಸೇರುವಾಗ ಹೊಸ ವಿದ್ಯೆಗೆ ಮೂರು. ಒಂದು ಕೆಲಸ ಮುಗಿಯುವಲ್ಲಿ ಇನ್ನೊಂದರ ತುದಿ ಕಾಣಿಸುವಂತೆ ಆ ನಿಯಮಗಳನ್ನು ಹೆಣೆದಿದ್ದಾರೆ. ಒಂದು ರಾತ್ರಿ ಎರಡೂವರೆ ಗಂಟೆಗೆ, ಅತಿ ಸುಲಭದ ಹಂತದಲ್ಲಿಯೇ ಆಗಲಿ, ನಾನು ಗೆದ್ದೆ. ಲೋಕವೆಲ್ಲ ನನ್ನ ಸಂಸ್ಕೃತಿಗೆ ಮನಸೋತಿತೆಂದು ಯಂತ್ರವು ಸಾರಿತು. ಕೆಳಗೆ ಒಂದು ಗುಂಡಿ ಮೂಡಿತು: ಇನ್ನೊಂದೇ ಒಂದು ಸರದಿ. ಗೆದ್ದಾಗಿದೆ, ಇನ್ನು ಗಳಿಸತಕ್ಕದ್ದೇನೂ ಇಲ್ಲ. ಆದರೂ ಆ ಗುಂಡಿಯನ್ನು ಒತ್ತಿದೆ. ಕಿಟಕಿಯ ಹೊರಗೆ ಬೆಳಕು ಹರಿಯುವವರೆಗೆ ಒತ್ತುತ್ತಲೇ ಇದ್ದೆ.

ಆ ದಿನ ಬಸ್ಸಿನಲ್ಲಿ ಕಂಡಕ್ಟರು ಹೆಗಲು ತಟ್ಟಿ ಎಬ್ಬಿಸಿದ್ದು ನನ್ನನ್ನು. ಹತ್ತು ಗಂಟೆಗೆ ಪಂಪನ ‘ಆದಿಪುರಾಣ’ದ ಪಾಠವಿತ್ತು. ಇಪ್ಪತ್ತು ವರ್ಷಗಳ ವೃತ್ತಿಯಲ್ಲಿ ಮೊದಲ ಬಾರಿಗೆ ಓದಿಕೊಳ್ಳದೆ ತರಗತಿಗೆ ಹೋದೆ. ಪುಸ್ತಕವನ್ನು ತೆರೆದಾಗ ಎದುರಾದದ್ದು ವೃಷಭಾಚಲದ ಸಂದರ್ಭ. ಆರು ಖಂಡಗಳನ್ನು ಗೆದ್ದ ಭರತನು ತನ್ನ ಪ್ರಶಸ್ತಿಯನ್ನು ಕೆತ್ತಿಸಲು ಬೆಟ್ಟದ ಬಳಿಗೆ ಬರುತ್ತಾನೆ. ತಾನೇ ಮೊದಲಿಗನೆಂಬ ಹೆಮ್ಮೆ ಅವನದು. ನೋಡಿದರೆ ಹಿಂದಿನ ಚಕ್ರವರ್ತಿಗಳ ಹೆಸರುಗಳಿಂದ ಬೆಟ್ಟವೆಲ್ಲ ತುಂಬಿಹೋಗಿದೆ. ಒಂದು ಹೆಸರಿಗೂ ಎಡೆಯಿಲ್ಲ. ಹೆಮ್ಮೆ ಅಡಗುತ್ತದೆ. ಆದರೂ ಅವನು ಹಿಂದಿರುಗುವುದಿಲ್ಲ. ಹಿಂದಿನವನೊಬ್ಬನ ಹೆಸರನ್ನು ಅಳಿಸಿ ತನ್ನದನ್ನು ಬರೆಯಿಸುತ್ತಾನೆ. ಕ್ರಿ.ಶ. 941ರ ಸುಮಾರಿನಲ್ಲಿ ಹುಟ್ಟಿದ ಈ ಕಾವ್ಯದ ಈ ಭಾಗವನ್ನು ವರ್ಷವರ್ಷವೂ ಕಲಿಸಿದ್ದೇನೆ. ಭರತನು ಅಳಿಸಿದ್ದೇಕೆಂದು ವಿದ್ಯಾರ್ಥಿಗಳು ಕೇಳಿದಾಗಲೆಲ್ಲ ಅಹಂಕಾರವೆಂಬ ಒಂದು ಸಿದ್ಧ ಉತ್ತರವನ್ನು ಕೊಟ್ಟಿದ್ದೇನೆ. ಆ ದಿನ ಉತ್ತರವನ್ನು ಕೊಡಲಾಗಲಿಲ್ಲ. ಹೆಮ್ಮೆ ಅಡಗಿದ ಮೇಲೂ ಕೈ ನಿಲ್ಲದಿರುವುದು ಹೇಗೆಂಬುದನ್ನು ಹಿಂದಿನ ರಾತ್ರಿ ನಾನೇ ಕಂಡಿದ್ದೆ. ತರಗತಿಯ ಎದುರು ಅದನ್ನು ಒಪ್ಪಿಕೊಂಡೆ. ಮಕ್ಕಳು ನಗಲಿಲ್ಲ. ಅಷ್ಟು ನಿಶ್ಶಬ್ದವಾದ ತರಗತಿಯನ್ನು ನಾನು ಕಂಡುದು ವಿರಳ.

ಅದೇ ವಾರ ಒಂದು ಸಂಜೆ ಗಾಳಿಮಳೆಗೆ ಮರ ಬಿದ್ದು ಕರೆಂಟು ಹೋಯಿತು. ಲ್ಯಾಪ್‌ಟಾಪು ಸ್ವಲ್ಪ ಹೊತ್ತಿನಲ್ಲಿ ಕಣ್ಣು ಮುಚ್ಚಿತು. ನನ್ನ ತಾಯಿ ದೀಪ ಹಚ್ಚಿ, ಅಟ್ಟದಿಂದ ಇಳಿಸಿದ್ದ ಚೆನ್ನೆಮಣೆಯನ್ನು ಮೊಮ್ಮಗನ ಮುಂದಿಟ್ಟರು. ಎರಡು ಸಾಲು, ಸಾಲಿಗೆ ಏಳು ಗುಳಿ, ಗುಳಿಗೆ ನಾಲ್ಕು ಕಾಯಿ. ಒಂದು ಗುಳಿಯ ಕಾಯಿಗಳನ್ನು ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಬಿಡುತ್ತ ಹೋಗುವುದು. ಮುಗಿದಲ್ಲಿ ಮುಂದಿನ ಗುಳಿಯಿಂದ ಮತ್ತೆ ಎತ್ತುವುದು. ಎದುರಾದ ಗುಳಿ ಬರಿದಾಗಿದ್ದರೆ ಅದರಾಚೆಯ ಗುಳಿಯ ಕಾಯಿಗಳು ನಮ್ಮವು. ಇದೂ ಸರದಿಯ ಆಟವೇ. ಐದು ಖಂಡಗಳನ್ನು ಆಳಿದ ನನ್ನ ಅಳಿಯನು ಅಜ್ಜಿಯ ಎದುರು ಮೂರು ಸುತ್ತುಗಳಲ್ಲಿ ಬರಿಗೈಯವನಾದ. “ಅಜ್ಜಿ, ಇದರಲ್ಲಿ ಏನೂ ಬೆಳೆಯುವುದಿಲ್ಲವಲ್ಲ” ಎಂದು ಬೆರಗಾದ. ನಿಜ. ಇಲ್ಲಿ ಮುಸುಕಿಲ್ಲ, ಹೊಸ ನೆಲವಿಲ್ಲ. ಆರಂಭದ 56 ಕಾಯಿಗಳು ಕೊನೆಯವರೆಗೂ 56 ಕಾಯಿಗಳೇ. ನನ್ನ ಮಡಿಲಿಗೆ ಬಂದದ್ದು ಎದುರಿನವರ ಗುಳಿಯಿಂದಲೇ ಬಂದದ್ದು. ಅದು ಕಣ್ಣೆದುರಿಗೇ ಕಾಣುತ್ತದೆ.

ಅನಂತರ ಅವರು ಅಬ್ಬಗ ದಾರಗರ ಕತೆಯನ್ನು ಹೇಳಿದರು. ಸಿರಿಯ ವಂಶದ ಆ ಅವಳಿ ಹುಡುಗಿಯರು ಚೆನ್ನೆಯಾಡುತ್ತ ಜಗಳವಾಡಿದರು. ಸಿಟ್ಟಿನಲ್ಲಿ ಒಬ್ಬಳು ಮಣೆಯಿಂದಲೇ ಇನ್ನೊಬ್ಬಳ ತಲೆಗೆ ಹೊಡೆದಳು. ಕೊನೆಗೆ ಇಬ್ಬರ ಪಾಲಿಗೂ ಬಾವಿ. ಈ ಸಿರಿ ಪಾಡ್ದನವನ್ನು ಬೆಳ್ತಂಗಡಿ ತಾಲೂಕಿನ ಮಾಚಾರಿನ ಗೋಪಾಲ ನಾಯ್ಕರು ಹಾಡಿದ್ದನ್ನು 1990ರಲ್ಲಿ ಧ್ವನಿಮುದ್ರಿಸಿ, ಫಿನ್ಲೆಂಡಿನ ಲೌರಿ ಹೊಂಕೊ ಅವರು ನಮ್ಮ ಚಿನ್ನಪ್ಪ ಗೌಡ, ವಿವೇಕ ರೈ ಇವರೊಡನೆ ಸೇರಿ 1998ರಲ್ಲಿ ಪ್ರಕಟಿಸಿದರು. ಹದಿನೈದು ಸಾವಿರ ಸಾಲುಗಳನ್ನು ಮೀರಿದ ಆ ಮಹಾಕಾವ್ಯದಲ್ಲಿ ಎರಡು ಜೀವಗಳನ್ನು ನುಂಗುವುದು ಒಂದು ಆಟ. ಆಟದಿಂದ ಕೇಡಾಗಬಹುದೆಂಬುದು ಯಂತ್ರಗಳೊಡನೆ ಬಂದ ತಿಳಿವಳಿಕೆಯಲ್ಲವೆಂದಾಯಿತು.

ಆದರೆ ಆ ತಿಳಿವಳಿಕೆಯಿದ್ದ ನಮ್ಮ ಹಿರಿಯರು ಚೆನ್ನೆಮಣೆಯನ್ನು ಒಲೆಗೆ ಹಾಕಲಿಲ್ಲ. ಅದಕ್ಕೆ ಒಂದು ತಿಂಗಳನ್ನು ಗೊತ್ತುಮಾಡಿದರು. ಹೊಲದಲ್ಲಿ ಕೆಲಸವಿಲ್ಲದ, ಹೊರಗೆ ಕಾಲಿಡಲಾಗದ ಆಟಿಯಲ್ಲಿ ಆಡಿ, ಆಮೇಲೆ ಅಟ್ಟಕ್ಕೆ ಏರಿಸಿ ಎಂದರು. ಒಡಹುಟ್ಟಿದವರು ಎದುರುಬದುರಾಗಿ ಕೂರಬೇಡಿ ಎಂದರು. ಇವು ಆಟದೊಳಗಿನ ನಿಯಮಗಳಲ್ಲ. ಆಟದ ಸುತ್ತ ಹಾಕಿದ ಬೇಲಿ.

ನನ್ನ ಅಭಿಪ್ರಾಯವೂ ಇಲ್ಲಿಯೇ ಇದೆ. ಇಂದಿನ ಈ ಸಾಮ್ರಾಜ್ಯದ ಆಟವು ಬಹಳ ಬುದ್ಧಿವಂತರು ಮಾಡಿದ ಆಟ. ಅನ್ನ, ನೀರು, ನೆಲ, ವಿದ್ಯೆ ಇವು ಒಂದನ್ನೊಂದು ಹೇಗೆ ಹಿಡಿದೆಳೆಯುತ್ತವೆಂದು ಅದು ಕಲಿಸಬಲ್ಲುದು, ನನಗೇ ಕಲಿಸಿದೆ. ಅದರಲ್ಲಿ ಎಲ್ಲಕ್ಕೂ ನಿಯಮವಿದೆ, ನಿಲ್ಲಿಸುವುದಕ್ಕೆ ಮಾತ್ರ ನಿಯಮವಿಲ್ಲ. ಅದನ್ನು ಆಟ ಮಾಡಿದವರು ಕೊಡಲಾರರು. ಆಡುವವನೂ ಅವನ ಮನೆಯವರೂ ಹೊರಗಿನಿಂದ ತರಬೇಕು. ತರಬೇಕಾದರೆ, ಆಟದ ಒಳಗನ್ನು ಬಲ್ಲವರಾಗಿರಬೇಕು. ಬಾಗಿಲ ಹೊರಗೆ ನಿಂತು “ಸಾಕು ಮಾಡು” ಎನ್ನುವ ಮಾವನ ಮಾತನ್ನು ಯಾವ ಅಳಿಯನೂ ಕೇಳಲಾರ. ಎರಡೂವರೆ ಗಂಟೆಗೆ ತಾನೂ ಆ ಗುಂಡಿಯನ್ನು ಒತ್ತಿದೆನೆಂದು ಹೇಳಬಲ್ಲವನ ಮಾತಿಗೆ ಸ್ವಲ್ಪ ಬೆಲೆಯಿದೆ.

ನನ್ನ ಸಹೋದ್ಯೋಗಿಗಳಲ್ಲಿಯೂ ಒಂದು ಬಿನ್ನಹವಿದೆ. ನಮ್ಮ ಮಕ್ಕಳು ಕಾವ್ಯಕ್ಕಿಂತ ಹೆಚ್ಚಾಗಿ ಆಟಗಳನ್ನು ಓದುತ್ತಿದ್ದಾರೆ. ಅವರು ಬಲ್ಲ ಆಟದಿಂದ ಒಂದೇ ಒಂದು ನಿಯಮವನ್ನು ಎತ್ತಿಕೊಂಡು, ಅದು ಲೋಕದ ವಿಷಯವಾಗಿ ಏನು ಹೇಳುತ್ತದೆ, ಏನನ್ನು ಬಿಡುತ್ತದೆ ಎಂದು ಎರಡು ಪುಟ ಬರೆಯಿರೆಂದು ಕೇಳಿ ನೋಡಿ. ನಾನು ಕೇಳಿದೆ. ವರ್ಷವಿಡೀ ಪುಟ ತುಂಬಿಸಲಾರದಿದ್ದ ಹುಡುಗರು ನಾಲ್ಕು ಪುಟ ಬರೆದು ತಂದರು. ಅದರ ಮರುವಾರ ‘ಆದಿಪುರಾಣ’ದ ಪ್ರಶ್ನೆಗೂ ಕೈಯೆತ್ತಿದರು.

ಆಟಿ ಕಳೆದು ಸೋಣ ತಿಂಗಳು ಹುಟ್ಟಿದ ಮೇಲೆ ಅಳಿಯನನ್ನು ಕರೆದುಕೊಂಡು ವೇಣೂರಿಗೆ ಹೋದೆ. ತಂಗಿಯ ಮನೆಗೆ ಹೋಗುವ ಮೊದಲು ಗೊಮ್ಮಟನನ್ನು ನೋಡಿದೆವು. 1604ರಲ್ಲಿ ತಿಮ್ಮಣ್ಣ ಅಜಿಲನು ನಿಲ್ಲಿಸಿದ, ಸುಮಾರು 35 ಅಡಿಯ ವಿಗ್ರಹ. ಅದು ತನಗೆ ಬೇಕೆಂದು ಕಾರ್ಕಳದ ಅರಸನು ದಂಡೆತ್ತಿ ಬಂದನೆಂದೂ, ಅಜಿಲನು ವಿಗ್ರಹವನ್ನು ಫಲ್ಗುಣಿಯ ಮರಳಿನಲ್ಲಿ ಹೂತು ಉಳಿಸಿದನೆಂದೂ ಐತಿಹ್ಯ. ದೃಷ್ಟಿ, ಜಲ, ಮಲ್ಲ ಎಂಬ ಮೂರು ಯುದ್ಧಗಳನ್ನೂ ಗೆದ್ದು, ಗೆದ್ದುದನ್ನು ಅಣ್ಣನಿಗೇ ಬಿಟ್ಟು ನಡೆದವನ ವಿಗ್ರಹಕ್ಕಾಗಿಯೂ ಜಗಳವಾಯಿತೆಂದರೆ, ಇನ್ನೊಂದು ಸರದಿಯ ಆಸೆ ಎಷ್ಟು ಹಳೆಯದೆಂಬುದನ್ನು ಊಹಿಸಿಕೊಳ್ಳಬಹುದು.

ಅಲ್ಲಿಯೇ ಮೆಟ್ಟಿಲಿನ ಮೇಲೆ ಕುಳಿತು ನಾವು ಒಂದು ಕಟ್ಟನ್ನು ಮಾಡಿಕೊಂಡೆವು. ಶನಿವಾರ ರಾತ್ರಿ ಮಾತ್ರ ಆಟ, ಇಬ್ಬರೂ ಕೂಡಿ, ಮೂವತ್ತು ಸರದಿ. ಮೂವತ್ತನೆಯದು ಯುದ್ಧದ ನಡುವೆ ಬಂದರೂ ಅಲ್ಲಿಗೇ ಮುಚ್ಚತಕ್ಕದ್ದು. ಲೆಕ್ಕದ ಪುಸ್ತಕ ಅಜ್ಜಿಯ ಕೈಯಲ್ಲಿ. ಇದುವರೆಗೆ ಆ ಕಟ್ಟು ಒಂದೇ ಸಲ ಮುರಿದಿದೆ. ಮುರಿದವನು ಅಳಿಯನಲ್ಲ.